ಕಲ್ಲುದೂಳಿನ ಸೀಮೆಯಲ್ಲಿ ಕಾರಿನ ಏರ್ ಇಂಟೇಕ್ ಮಾರ್ಪಾಡು

ಚಿಕ್ಕಬಳ್ಳಾಪುರ ಇರುವುದು ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಮೇಲೆ. ಕಡಲ ದಡದಲ್ಲಿ 101 ಕಿಲೋಪಾಸ್ಕಲ್ ಇರುವ ಗಾಳಿಯ ಒತ್ತಡ ಇಲ್ಲಿಗೆ ಬರುವಷ್ಟರಲ್ಲಿ 91ಕ್ಕೆ ಇಳಿದಿರುತ್ತದೆ. 1,478 ಮೀಟರ್ ಎತ್ತರದ ನಂದಿಬೆಟ್ಟದ ತುದಿಯಲ್ಲಿ 85ರ ಆಸುಪಾಸು. ಅಂದರೆ ಟರ್ಬೊ (ಗಾಳಿಯನ್ನು ಒತ್ತಿ ಇಂಜಿನಿಗೆ ತುಂಬುವ ಚಕ್ರ) ಇಲ್ಲದ ಇಂಜಿನ್ ಇಲ್ಲಿ ಮನೆಬಾಗಿಲಲ್ಲಿ ನಿಂತಾಗಲೇ ತನ್ನ ಬಲದಲ್ಲಿ ಸುಮಾರು ಶೇ 10ರಷ್ಟನ್ನು ಬಿಟ್ಟುಕೊಟ್ಟಿರುತ್ತದೆ. ಎಷ್ಟು ದುಬಾರಿ ಫಿಲ್ಟರ್ ಹಾಕಿದರೂ ಅದು ವಾಪಸ್ ಬರುವುದಿಲ್ಲ. ಇಂಟೇಕ್, ಅಂದರೆ ಇಂಜಿನಿಗೆ ಗಾಳಿ ಒಯ್ಯುವ ದಾರಿಯ ಕೆಲಸದಿಂದ ದಕ್ಕುವುದು ಎರಡೇ: ಪೈಪು, ಪೆಟ್ಟಿಗೆಗಳಲ್ಲಿ ವ್ಯರ್ಥವಾಗುತ್ತಿರುವ ಒತ್ತಡ, ಮತ್ತು ಬಾನೆಟ್ ಒಳಗಿನ ಕಾವಿನಿಂದ ತೆಳ್ಳಗಾಗುತ್ತಿರುವ ಗಾಳಿ. ಎರಡರಲ್ಲಿ ಕಾವಿನ ಪಾಲೇ ಹೆಚ್ಚು.

ಇನ್ನು ದೂಳು. ಕ್ರಷರ್‌ಗಳಿಂದ ಟಿಪ್ಪರ್ ಲಾರಿಗಳು ಓಡಾಡುವ ಯಾವ ರಸ್ತೆಯಲ್ಲಾದರೂ ಸಂಜೆ ಹೆಡ್‌ಲೈಟ್ ಬೆಳಕಿನಲ್ಲಿ ತೇಲುವುದು ಗ್ರಾನೈಟ್ ಪುಡಿ. ಗ್ರಾನೈಟ್‌ನಲ್ಲಿರುವ ಕ್ವಾರ್ಟ್ಜ್ ಮೋಸ್ ಮಾಪನದಲ್ಲಿ 7, ಸಿಲಿಂಡರಿನ ಎರಕದ ಕಬ್ಬಿಣಕ್ಕಿಂತ ಗಟ್ಟಿ. 5ರಿಂದ 20 ಮೈಕ್ರಾನ್ ಗಾತ್ರದ ಕಣಗಳು ಪಿಸ್ಟನ್ ರಿಂಗ್ ಮತ್ತು ಗೋಡೆಯ ನಡುವಿನ ಎಣ್ಣೆ ಪದರಕ್ಕೆ ಸೇರಿ ಉಜ್ಜುಕಾಗದದ ಕೆಲಸ ಮಾಡುತ್ತವೆ. ಬೇರೆ ಊರಿನವರು ಅಂತರ್ಜಾಲದಲ್ಲಿ ತೋರಿಸುವ, ಪೆಟ್ಟಿಗೆಯಿಲ್ಲದೆ ತೆರೆದಿರುವ ಶಂಕುವಿನಾಕಾರದ ಕೋನ್ ಫಿಲ್ಟರ್ ಇಲ್ಲಿ ಸಲ್ಲದು ಎನ್ನುವುದಕ್ಕೆ ಇದಿಷ್ಟೇ ಸಾಕು.

ಮೊದಲು ಅಳತೆ, ಆಮೇಲೆ ಖರ್ಚು

ಗಾರೆ ಕೆಲಸದವರು ಲೆವೆಲ್ ನೋಡಲು ಬಳಸುವ ಪಾರದರ್ಶಕ ಪೈಪು 5 ಮೀಟರ್ ತನ್ನಿ, ಒಳವ್ಯಾಸ 6 ಮಿ.ಮೀ. ಒಂದು ಹಲಗೆಯ ಮೇಲೆ ಅದನ್ನು 'ಯು' ಆಕಾರದಲ್ಲಿ ಕಟ್ಟಿ. ಎರಡೂ ಕಾಲು 75 ಸೆಂ.ಮೀ. ಎತ್ತರ ಇರಲಿ, ಪಕ್ಕದಲ್ಲಿ ಒಂದು ಟೇಪು ಅಂಟಿಸಿ. ಎರಡು ಹನಿ ಇಂಕು ಬೆರೆಸಿದ ನೀರನ್ನು ಪ್ರತಿ ಕಾಲಿನಲ್ಲೂ 35 ಸೆಂ.ಮೀ. ಬರುವಂತೆ ತುಂಬಿ. ಒಂದು ತುದಿ ಕಾರಿನೊಳಗೆ ತೆರೆದೇ ಇರಲಿ, ಇನ್ನೊಂದು ಇಂಜಿನ್ ಕಡೆಗೆ ಹೋಗಲಿ. ಇಂಜಿನ್ ಕಡೆಯ ಪೈಪಿಗೆ ನಡುವೆ ಒಂದು ಖಾಲಿ ಸೋಡಾ ಬಾಟಲಿ ಸೇರಿಸುವುದು ಕಡ್ಡಾಯ. ಅಪ್ಪಿತಪ್ಪಿ ನೀರು ಮೇಲೆದ್ದರೆ ಬಾಟಲಿಗೆ ಬೀಳಬೇಕು, ಸಿಲಿಂಡರಿಗಲ್ಲ.

ಮೂರು ಕಡೆ ಅಳೆಯಬೇಕು. ಮೊದಲನೆಯದು ಫಿಲ್ಟರಿಗೆ ಮುಂಚೆ, ಪೆಟ್ಟಿಗೆಯ ದೂಳಿನ ಬದಿ. ಎರಡನೆಯದು ಫಿಲ್ಟರ್ ದಾಟಿದ ಮೇಲೆ. ಮೂರನೆಯದು ಥ್ರಾಟಲ್ ಬಾಡಿಗೆ (ಆಕ್ಸಿಲರೇಟರ್ ಒತ್ತಿದಾಗ ಗಾಳಿಗೆ ತೆರೆದುಕೊಳ್ಳುವ ಕವಾಟದ ಕೊಳವೆ) ಅಥವಾ ಟರ್ಬೊ ಬಾಯಿಗೆ ತುಸು ಮುಂಚೆ. ಪ್ರತಿ ಜಾಗದಲ್ಲೂ 3 ಮಿ.ಮೀ. ತೂತು ಸಾಕು. ಭಾಗವನ್ನು ಕಾರಿನಿಂದ ಬಿಚ್ಚಿ ಹೊರಗಿಟ್ಟೇ ಕೊರೆಯಿರಿ. ತೂತಿನ ಒಳಅಂಚಿನಲ್ಲಿ ಉಳಿದ ಮುರುಕನ್ನು ಬ್ಲೇಡಿನಿಂದ ಕೆರೆಯದಿದ್ದರೆ ಅಳತೆಯೇ ಸುಳ್ಳಾಗುತ್ತದೆ. ಅಳತೆ ಮುಗಿದ ಮೇಲೆ ರಬ್ಬರ್ ಬಿರಡೆ ಹಾಕಿ ಮುಚ್ಚಬೇಕು.

ಎರಡನೇ ಗೇರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿ 6,000 ಆರ್‌ಪಿಎಂವರೆಗೆ ಎಳೆದಾಗ ಎರಡು ಕಾಲುಗಳ ನೀರಿನ ಮಟ್ಟದಲ್ಲಿ ಎಷ್ಟು ಅಂತರ ಬಂತೆಂದು ಪಕ್ಕದಲ್ಲಿ ಕೂತವರು ಬರೆದುಕೊಳ್ಳಬೇಕು. ಓಡಿಸುವವರು ಹಲಗೆಯ ಕಡೆ ನೋಡಲೇಕೂಡದು. ಬೆಂಗಳೂರಿನಲ್ಲಿ ಡೈನೊ (ನಿಂತಲ್ಲೇ ಚಕ್ರ ತಿರುಗಿಸಿ ಕಾರಿನ ಬಲ ಅಳೆಯುವ ಯಂತ್ರ) ಮೇಲೆ ಮಾಡಿದರೆ ಅತ್ಯುತ್ತಮ. ನಂದಿಬೆಟ್ಟದ ತಿರುವುಗಳು ಇದಕ್ಕೆ ಜಾಗವಲ್ಲ. 102 ಮಿ.ಮೀ. ನೀರು ಅಂದರೆ 1 ಕಿಲೋಪಾಸ್ಕಲ್.

ಒಂದು ಉದಾಹರಣೆ ಹಿಡಿಯೋಣ: ಟರ್ಬೊ ಇಲ್ಲದ 2 ಲೀಟರ್ ಇಂಜಿನ್. ಮೊದಲ ಜಾಗದಲ್ಲಿ 110 ಮಿ.ಮೀ., ಎರಡನೆಯದರಲ್ಲಿ 160, ಮೂರನೆಯದರಲ್ಲಿ 250 ಬಂತು. ಹಾಗಾದರೆ ಗಾಳಿ ಎಳೆಯುವ ಮುಂದಿನ ಸ್ನಾರ್ಕೆಲ್ ಒಂದೇ 110 ತಿಂದಿದೆ. ಫಿಲ್ಟರ್ ತಿಂದದ್ದು 50. ಹಿಂದಿನ ಪೈಪು ತಿಂದಂತೆ ಕಾಣುವುದು 90, ಆದರೆ ಅದರಲ್ಲಿ 50ರಷ್ಟು ನಷ್ಟವೇ ಅಲ್ಲ. 60 ಮಿ.ಮೀ. ಒಳವ್ಯಾಸದ ಪೈಪಿನಲ್ಲಿ ಸೆಕೆಂಡಿಗೆ 90 ಲೀಟರ್ ಗಾಳಿ ಹೋಗುವಾಗ ವೇಗ ಸೆಕೆಂಡಿಗೆ ಸುಮಾರು 32 ಮೀಟರ್ ಆಗುತ್ತದೆ, ಆ ವೇಗದ ದೆಸೆಯಿಂದಲೇ ಒತ್ತಡ ಅಷ್ಟು ಕಡಿಮೆ ಕಾಣುತ್ತದೆ. ಅಂಗಡಿಯಲ್ಲಿ ಎಲ್ಲರೂ ಮೊದಲು ಕೈಯಿಡುವುದು ಫಿಲ್ಟರಿಗೆ. ಇಲ್ಲಿ ನೋಡಿದರೆ ಅದರ ಪಾಲು ಐದರಲ್ಲೊಂದು. ಹೊಸ ಫಿಲ್ಟರ್ ಆ 50ರಲ್ಲಿ 20 ಉಳಿಸಿದರೆ ಅದೇ ಹೆಚ್ಚು.

ಒಟ್ಟು 250 ಮಿ.ಮೀ. ಅಂದರೆ 2.5 ಕಿಲೋಪಾಸ್ಕಲ್‌ಗೆ ಚೂರು ಕಡಿಮೆ. 91ರಲ್ಲಿ ಅದು ಶೇ 2.7. ಅದರಲ್ಲಿ ಅರ್ಧ ಉಳಿಸಿದರೂ 130 ಅಶ್ವಶಕ್ತಿಯ ಇಂಜಿನಿಗೆ ಸಿಗುವುದು ಎರಡು ಅಶ್ವಶಕ್ತಿ ಅಷ್ಟೇ. '15 ಎಚ್‌ಪಿ ಗ್ಯಾರಂಟಿ' ಎಂದು ಡಬ್ಬದ ಮೇಲೆ ಅಚ್ಚು ಹಾಕಿದವರು ಈ ಲೆಕ್ಕ ಮಾಡಿರುವುದಿಲ್ಲ.

ಕಾವಿನ ಲೆಕ್ಕ ಬೇರೆ. ಏಪ್ರಿಲ್ ಮಧ್ಯಾಹ್ನ ಹೊರಗೆ 35 ಡಿಗ್ರಿ ಇದ್ದಾಗ ಬಾನೆಟ್ ಒಳಗಿನ ಗಾಳಿ 55, ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ 65 ಡಿಗ್ರಿ ಮುಟ್ಟುತ್ತದೆ. 55 ಡಿಗ್ರಿಯಿಂದ 38ಕ್ಕೆ ಇಳಿಸಿದರೆ ಗಾಳಿಯ ಸಾಂದ್ರತೆ ಶೇ 5ಕ್ಕಿಂತ ಹೆಚ್ಚು ಏರುತ್ತದೆ. ಬಲ ಅಷ್ಟಕ್ಕಷ್ಟೇ ಏರುವುದಿಲ್ಲ. ಅದರ ಅರ್ಧ ಸಿಕ್ಕರೂ ಫಿಲ್ಟರಿನ ಲಾಭಕ್ಕಿಂತ ಎಷ್ಟೋ ಮೇಲು. ಜೊತೆಗೆ ನಾಕಿಂಗ್ (ಸಿಲಿಂಡರಿನಲ್ಲಿ ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುವುದು) ಹೆದರಿಕೆಯಿಂದ ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ಕಿಡಿ ಹಾರಿಸುವ ಇಗ್ನಿಷನ್ ಟೈಮಿಂಗ್ ಹಿಂದಕ್ಕೆ ಎಳೆಯುವುದೂ ಕಡಿಮೆಯಾಗುತ್ತದೆ.

ಟರ್ಬೊ ಇಂಜಿನ್‌ಗೆ ಈ ಎತ್ತರದಲ್ಲಿ ಇನ್ನೊಂದು ಕಷ್ಟ. ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನಲ್ಲಿ 200 ಕಿಲೋಪಾಸ್ಕಲ್ ಬೇಕಾದರೆ ಟರ್ಬೊ ಇಲ್ಲಿನ 91ನ್ನು 2.2 ಪಟ್ಟು ಮಾಡಬೇಕು. ಇಂಟೇಕಿನಲ್ಲಿ 5 ಕಿಲೋಪಾಸ್ಕಲ್ ಸೋರಿಹೋಗುತ್ತಿದ್ದರೆ 86ನ್ನು 2.33 ಪಟ್ಟು ಮಾಡಬೇಕು. ಅಷ್ಟು ಹೆಚ್ಚು ತಿರುಗಬೇಕು, ಅಷ್ಟು ಹೆಚ್ಚು ಬಿಸಿಯಾಗಬೇಕು. ಹಾಗಾಗಿ ಟರ್ಬೊ ಕಾರಿನಲ್ಲಿ ಇಂಟೇಕ್ ಕೆಲಸಕ್ಕೆ ಅರ್ಥ ಜಾಸ್ತಿ. ಆದರೆ ಕಂಪನಿ ಟ್ಯೂನ್‌ನಲ್ಲಿ ಇಸಿಯು ತನಗೆ ಬೇಕಾದ ಬೂಸ್ಟ್ (ಟರ್ಬೊ ಕೊಡುವ ಹೆಚ್ಚುವರಿ ಒತ್ತಡ) ಅನ್ನೇ ಕೇಳುತ್ತದೆ. ಇಸಿಯು ತಂತ್ರಾಂಶ ಬದಲಿಸುವ ರೀಮ್ಯಾಪ್ ಮಾಡಿಸದೆ ಕಾಗದದ ಮೇಲೆ ದೊಡ್ಡ ಅಂಕಿ ಬರುವುದಿಲ್ಲ.

ಫಿಲ್ಟರ್: ಮಡಿಕೆ ಎಣಿಸಿ ನೋಡಿ

ಅಂಗಡಿಯಲ್ಲಿ ನಿಂತೇ ಮಾಡಬಹುದಾದ ಲೆಕ್ಕ ಇದು. ಮಡಿಕೆಗಳ ಸಂಖ್ಯೆ, ಅದರ ಎರಡರಷ್ಟು, ಗುಣಿಸು ಮಡಿಕೆಯ ಆಳ, ಗುಣಿಸು ಉದ್ದ. ಕಂಪನಿಯ ಚಪ್ಪಟೆ ಪೇಪರ್ ಫಿಲ್ಟರಿನಲ್ಲಿ 60 ಮಡಿಕೆ, ಆಳ 3.5 ಸೆಂ.ಮೀ., ಉದ್ದ 20 ಸೆಂ.ಮೀ. ಇದ್ದರೆ 8,400 ಚದರ ಸೆಂ.ಮೀ. ಆಯಿತು. ಥಳಥಳ ಹೊಳೆಯುವ ಕೋನ್ ಫಿಲ್ಟರಿನಲ್ಲಿ 45 ಮಡಿಕೆ, ಆಳ 1.8, ಉದ್ದ 13 ಅಂದರೆ ಬರೀ 2,100. ಕಾಲುಭಾಗದ ಬಟ್ಟೆಯಲ್ಲಿ ಅಷ್ಟೇ ಗಾಳಿ ಹೋಗಬೇಕಾದರೆ ನೇಯ್ಗೆ ಸಡಿಲ ಇರಲೇಬೇಕು. ಸಡಿಲ ನೇಯ್ಗೆಯಲ್ಲಿ ಕಲ್ಲುಪುಡಿಯೂ ಹೋಗುತ್ತದೆ.

ಆದ್ದರಿಂದ ಈ ಸೀಮೆಯಲ್ಲಿ ಕಂಪನಿಯ ಪೆಟ್ಟಿಗೆ, ಕಂಪನಿಯ ಅಳತೆಯ ಪೇಪರ್ ಅಥವಾ ಒಣ ಸಿಂಥೆಟಿಕ್ ಫಿಲ್ಟರ್ ಉಳಿಸಿಕೊಂಡು ಅದರ ಹಿಂದುಮುಂದಿನ ದಾರಿ ಸರಿ ಮಾಡುವುದೇ ಜಾಣತನ. ಆ ಪೆಟ್ಟಿಗೆಯ ರಬ್ಬರ್ ಸೀಲಿನಷ್ಟು ಬಿಗಿಯಾದದ್ದನ್ನು ಶೀಟು ಬಗ್ಗಿಸಿ ಮಾಡುವುದು ಸುಲಭವಲ್ಲ. ಫಿಲ್ಟರ್ ಕೊಳ್ಳುವಾಗ ಐಎಸ್‌ಒ 5011 ಪರೀಕ್ಷೆಯಲ್ಲಿ ದೂಳು ಹಿಡಿಯುವ ದಕ್ಷತೆ ಎಷ್ಟೆಂದು ಕೇಳಿ. ಹೇಳದಿದ್ದರೆ ಬೇರೆ ನೋಡಿ. ಎಣ್ಣೆ ಹಾಕುವ ಹತ್ತಿಯ ಫಿಲ್ಟರಿಗೆ ಎರಡು ದೋಷ. ಎಣ್ಣೆ ಜಾಸ್ತಿಯಾದರೆ ಹಾರಿ ಗಾಳಿ ಅಳೆಯುವ ಸೆನ್ಸರಿನ ತಂತಿಗೆ ಅಂಟುತ್ತದೆ, ಕಡಿಮೆಯಾದರೆ ದೂಳು ಬಿಡುತ್ತದೆ.

ಪೆಟ್ಟಿಗೆಯ ಬಾಯಿ ಮತ್ತು ಮುಂದಿನ ಡಕ್ಟ್

ಹೆಚ್ಚು ಫಲ ಸಿಗುವ ಜಾಗ ಇದೇ. ಸ್ನಾರ್ಕೆಲಿನ ಅತಿ ಕಿರಿದಾದ ಕಡೆ ಅಡ್ಡಕೊಯ್ತದ ವಿಸ್ತೀರ್ಣ ಅಳೆಯಿರಿ. 60 ಮಿ.ಮೀ. ಥ್ರಾಟಲ್ ಬಾಡಿಯ ವಿಸ್ತೀರ್ಣ 28 ಚದರ ಸೆಂ.ಮೀ. ಡಕ್ಟಿನದು ಅದರ ಒಂದೂಕಾಲರಿಂದ ಒಂದೂವರೆ ಪಟ್ಟು, ಅಂದರೆ 35ರಿಂದ 42 ಚದರ ಸೆಂ.ಮೀ. ಇರಬೇಕು. 73 ಮಿ.ಮೀ. ಒಳವ್ಯಾಸದ ಪೈಪು ಸರಿಯಾಗಿ ಅಷ್ಟೇ ಕೊಡುತ್ತದೆ.

ಗಾಳಿ ಎಳೆಯುವ ಬಾಯಿ ಗ್ರಿಲ್ಲಿನ ಹಿಂದೆ, ರೇಡಿಯೇಟರಿನ ಮೇಲುಗಡೆ ಇರಲಿ. ಬಂಪರಿನ ಕೆಳಗೆ ಬೇಡ. ಕೆಳಗಿಟ್ಟರೆ ಗಾಳಿ ತುಸು ತಂಪೇನೋ ಹೌದು, ಆದರೆ ಕೆರೆ ಕೋಡಿ ಬಿದ್ದು ರಸ್ತೆಯ ಮೇಲೆ ಮೊಣಕಾಲುದ್ದ ನೀರು ಹರಿಯುವ ದಿನ ಒಂದು ಲೋಟ ನೀರು ಒಳಗೆ ಹೋದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೀರು ಕುಗ್ಗುವ ವಸ್ತುವಲ್ಲ. ಪಿಸ್ಟನ್ ಮೇಲೆ ಬರಲಾಗದೆ ರಾಡ್ ಸೋಲುತ್ತದೆ.

ಪೈಪಿನ ಬಾಯಿ ಚೂಪಾಗಿ ಕತ್ತರಿಸಿದಂತಿದ್ದರೆ ಗಾಳಿ ಅಂಚಿನಲ್ಲಿ ಸುಳಿ ತಿರುಗುತ್ತದೆ. ನಾದಸ್ವರದ ಬಾಯಿಯಂತೆ 12ರಿಂದ 15 ಮಿ.ಮೀ. ತ್ರಿಜ್ಯದಲ್ಲಿ ಹೊರಕ್ಕೆ ಬಾಗಿಸಿದರೆ ಪ್ರವೇಶದ ನಷ್ಟ ಹತ್ತರಲ್ಲೊಂದು ಭಾಗಕ್ಕೆ ಇಳಿಯುತ್ತದೆ. ಇಡೀ ಕೆಲಸದಲ್ಲಿ ಅತಿ ಅಗ್ಗದ ಲಾಭ ಇದು. ಸುರುಳಿ ತಂತಿಯ ಫ್ಲೆಕ್ಸಿಬಲ್ ಹೋಸ್ ಬಳಸುವುದಾದರೆ ಒಳಮೈ ನುಣುಪಾಗಿರುವುದನ್ನೇ ಹುಡುಕಿ. ಉದ್ದ ಅರ್ಧ ಮೀಟರ್ ಮೀರದಿರಲಿ. ಬಾಗು ಬೇಕಾದ ಕಡೆ ಬಾಗಿನ ತ್ರಿಜ್ಯ ಪೈಪಿನ ವ್ಯಾಸದ ಒಂದೂವರೆ ಪಟ್ಟು ಇರಲಿ. ಮೂಲೆ ಕತ್ತರಿಸಿ ಕೂಡಿಸಿದ ಬಾಗು ಅದರ ಐದು ಪಟ್ಟು ತಿನ್ನುತ್ತದೆ.

ಬಾಯಿಗೆ 10 ಮಿ.ಮೀ. ಕಣ್ಣಿನ ಜಾಲರಿ ಹಾಕಿ. ಡಿಸೆಂಬರ್, ಜನವರಿಯಲ್ಲಿ ರಸ್ತೆಯ ಮೇಲೆಯೇ ರಾಗಿ, ಹುರುಳಿ ಹರಡಿ ಒಕ್ಕಣೆ ಮಾಡುತ್ತಾರಲ್ಲ, ಅದರ ಮೇಲೆ ಹೋದ ದಿನ ಹೊಟ್ಟು ಜಾಲರಿಗೆ ಹಾಸಿನಂತೆ ಅಂಟಿಕೊಂಡಿರುತ್ತದೆ. ಸಂಜೆ ಕೈಯಿಂದ ಒರೆಸಿದರೆ ಆಯಿತು. ಹುರುಳಿ ಸೊಪ್ಪು ಕಾರಿನಡಿ ಸೈಲೆನ್ಸರಿಗೆ ಸುತ್ತಿಕೊಂಡಿದೆಯೇ ಎಂದೂ ಆಗಲೇ ಬಗ್ಗಿ ನೋಡಿ, ಬಿಸಿಗೆ ಹತ್ತಿಕೊಳ್ಳುತ್ತದೆ.

ಬಾನೆಟ್ ಮೇಲೆ ಸ್ಕೂಪ್ ಕೂರಿಸಿ 'ರಾಮ್ ಏರ್' ಎನ್ನುವುದುಂಟು. 100 ಕಿ.ಮೀ. ವೇಗದಲ್ಲಿ ಎದುರುಗಾಳಿಯ ಒತ್ತಡ 0.4 ಕಿಲೋಪಾಸ್ಕಲ್. ಶೇ ಅರ್ಧಕ್ಕೂ ಕಡಿಮೆ. ಶೋಕಿಗೆ ಇರಲಿ.

ಪೆಟ್ಟಿಗೆಯ ದೂಳಿನ ಬದಿಯ ತಳದ ಮೂಲೆಯಲ್ಲಿ ನೀರು ಇಳಿಯಲು 8 ಮಿ.ಮೀ. ತೂತು ಇರಲಿ, ಅದಕ್ಕೆ ಒಂದೇ ದಿಕ್ಕಿಗೆ ತೆರೆಯುವ ರಬ್ಬರ್ ಬಾಯಿ. ಎಗ್ಸಾಸ್ಟ್ ಕಡೆಯ ಗೋಡೆಗೆ ಹೊರಗಿನಿಂದ ಬೆಳ್ಳಿ ಬಣ್ಣದ ಹೀಟ್ ಶೀಲ್ಡ್ ಹಾಳೆ ಅಂಟಿಸಿ. ಕೋನ್ ಫಿಲ್ಟರೇ ಬೇಕೆಂದು ಹಟವಿದ್ದರೆ 2 ಮಿ.ಮೀ. ಅಲ್ಯೂಮಿನಿಯಂ ಶೀಟಿನಲ್ಲಿ ತನ್ನದೇ ಮುಚ್ಚಳವಿರುವ 8ರಿಂದ 10 ಲೀಟರಿನ ಪೆಟ್ಟಿಗೆ ಮಾಡಿಸಿ, ಫಿಲ್ಟರ್ ಸುತ್ತ 25 ಮಿ.ಮೀ. ಜಾಗ ಬಿಡಿ. ಬಾನೆಟ್ಟನ್ನೇ ಮುಚ್ಚಳ ಮಾಡಿಕೊಂಡ ಪೆಟ್ಟಿಗೆಗಳು ಬಾನೆಟ್ ಅದುರಿದಾಗೆಲ್ಲ ಬಿಸಿಗಾಳಿ ಎಳೆಯುತ್ತವೆ.

ಹಿಂದಿನ ಪೈಪು

ಫಿಲ್ಟರಿನಿಂದ ಥ್ರಾಟಲಿಗೆ ಹೋಗುವ ಸುಕ್ಕುಸುಕ್ಕಾದ ರಬ್ಬರ್ ಪೈಪಿನ ಬದಲು ನುಣುಪಾದ ಪೈಪು ಹಾಕುವುದು ಎರಡನೇ ಹಂತ. ಹೊರವ್ಯಾಸ 76 ಮಿ.ಮೀ. ಇದ್ದರೆ 2 ಲೀಟರಿಗೆ ಸಾಕು. ಅದಕ್ಕಿಂತ ದಪ್ಪ ಹಾಕಿದರೆ ಜಾಗ ಹೋಗುತ್ತದೆ, ಲಾಭವಿಲ್ಲ.

ಈ ಜಿಲ್ಲೆಗಳಲ್ಲಿ ಡೇರಿಯ ಸ್ಟೀಲ್ ಟ್ಯಾಂಕ್, ಪೈಪು ಕೆಲಸ ಮಾಡುವವರ ಬಳಿ ಆರ್ಗಾನ್ ವೆಲ್ಡಿಂಗ್ ಇರುತ್ತದೆ, ಕೈ ಕೂಡ ಚೆನ್ನಾಗಿರುತ್ತದೆ. ಒಂದು ಮಾತು ಮೊದಲೇ ಕೇಳಿಕೊಳ್ಳಿ: ಮಷಿನ್ ಎಸಿಯೋ ಡಿಸಿಯೋ? ಡಿಸಿ ಮಷಿನ್ ಸ್ಟೀಲಿಗೆ ಸರಿ, ಅಲ್ಯೂಮಿನಿಯಂ ಮೇಲಿನ ಆಕ್ಸೈಡ್ ಪದರ ಒಡೆಯಲು ಎಸಿ ಬೇಕು. ಡಿಸಿ ಮಾತ್ರ ಇದ್ದರೆ 304 ಸ್ಟೇನ್‌ಲೆಸ್, 1.2 ಮಿ.ಮೀ. ದಪ್ಪದ ಪೈಪಿನಲ್ಲಿ ಮಾಡಿಸಿ. ತೂಕ ಸ್ವಲ್ಪ ಹೆಚ್ಚು, ಆದರೆ ಸ್ಟೇನ್‌ಲೆಸ್ ಅಲ್ಯೂಮಿನಿಯಂನ ಹತ್ತರಲ್ಲೊಂದು ಪಾಲಿನಷ್ಟೇ ಶಾಖ ಸಾಗಿಸುತ್ತದೆ, ನಮ್ಮ ಬಿಸಿಲಿಗೆ ಅದೇನು ನಷ್ಟವಲ್ಲ. ವೆಲ್ಡ್ ಮಾಡುವಾಗ ಪೈಪಿನೊಳಗೂ ಆರ್ಗಾನ್ ಬಿಡಬೇಕು. ಬಿಡದಿದ್ದರೆ ಒಳಗೆ ಕಪ್ಪು ಹರಳು ಕಟ್ಟಿ, ಮುಂದೆ ಅದು ಉದುರಿ ಟರ್ಬೊ ಚಕ್ರದ ಎಲೆಗಳನ್ನು ಕಡಿಯುತ್ತದೆ. ಮುಗಿದ ಪೈಪನ್ನು ಸೋಪು ನೀರಿನಲ್ಲಿ ತೊಳೆದು, ಬಟ್ಟೆ ಎಳೆದು, ಬೆರಳಾಡಿಸಿ ನೋಡಿಯೇ ಹಾಕಿ.

ಎರಡೂ ತುದಿಗೆ 2 ಮಿ.ಮೀ. ಎತ್ತರದ ಉಬ್ಬುಬಳೆ ಕಟ್ಟಿಸಿ, ಇಲ್ಲದಿದ್ದರೆ ಪೈಪು ಕೂಡಿಸುವ ಸಿಲಿಕೋನ್ ಕಪ್ಲರ್ ಜಾರುತ್ತದೆ. ತೂತುತೂತಾಗಿರುವ ಮಾಮೂಲಿ ಹೋಸ್ ಕ್ಲಿಪ್ ಸಿಲಿಕೋನನ್ನು ಕೊಯ್ಯುತ್ತದೆ, ಒಳಪಟ್ಟಿ ಇರುವ ಕ್ಲಿಪ್ ಅಥವಾ ಟಿ-ಬೋಲ್ಟ್ ಕ್ಲಾಂಪ್ ತನ್ನಿ. ಬಿಗಿತ 4ರಿಂದ 5 ನ್ಯೂಟನ್ ಮೀಟರ್ ಸಾಕು. ಕಪ್ಲರ್ ಒಳಗೆ ಪೈಪಿನ ತುದಿಗಳು ಒಂದಕ್ಕೊಂದು ತಾಗದೆ 8 ಮಿ.ಮೀ. ಅಂತರ ಇರಲಿ. ಗೇರ್ ಹಾಕಿ ಕ್ಲಚ್ ಬಿಟ್ಟಾಗ ಇಂಜಿನ್ 10ರಿಂದ 20 ಮಿ.ಮೀ. ವಾಲುತ್ತದೆ, ಪೆಟ್ಟಿಗೆ ವಾಲುವುದಿಲ್ಲ. ನಡುವೆ ಒಂದು ಉಬ್ಬಿದ ಕಪ್ಲರ್ ಇಲ್ಲದಿದ್ದರೆ ಆರು ತಿಂಗಳಲ್ಲಿ ಪೆಟ್ಟಿಗೆಯ ಪ್ಲಾಸ್ಟಿಕ್ ಬಾಯಿ ಬಿರುಕು ಬಿಡುತ್ತದೆ, ಆ ಬಿರುಕು ಇರುವುದು ಫಿಲ್ಟರ್ ದಾಟಿದ ಬದಿಯಲ್ಲಿ.

ಹಳೆಯ ಪೈಪಿಗೆ ಸೇರಿದ್ದ ಸಣ್ಣ ಕೊಳವೆಗಳೆಲ್ಲ ಹೊಸದಕ್ಕೂ ಸೇರಬೇಕು. ಕ್ರ್ಯಾಂಕ್‌ಕೇಸ್ ಬ್ರೀದರ್ (ಇಂಜಿನ್ ಒಳಗಿನ ಎಣ್ಣೆ ಆವಿ ಹೊರಬರುವ ಕೊಳವೆ), ಟರ್ಬೊ ಇದ್ದರೆ ಹೆಚ್ಚುವರಿ ಬೂಸ್ಟ್ ಬಿಡುವ ಡೈವರ್ಟರ್ ವಾಲ್ವಿನ ವಾಪಸ್ ಕೊಳವೆ, ವೇಸ್ಟ್‌ಗೇಟ್ ಸೊಲೆನಾಯ್ಡಿನ ಕೊಳವೆ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಬ್ರೀದರ್ ತುದಿಗೆ ಪುಟ್ಟ ಫಿಲ್ಟರ್ ಸಿಕ್ಕಿಸಿ ಹೊರಗೆ ಬಿಡುವ ಅಭ್ಯಾಸದಿಂದ ಬಾನೆಟ್ ಒಳಗೆಲ್ಲ ಎಣ್ಣೆ ಮಂಜು, ಅದರ ಮೇಲೆ ಕಲ್ಲುದೂಳು. ನಾಲ್ಕು ವಾರದಲ್ಲಿ ಇಂಜಿನ್ ಮೇಲೆ ಗಾರೆ ಮೆತ್ತಿದಂತಾಗುತ್ತದೆ.

ಎಂಎಎಫ್ ಸೆನ್ಸರ್: ಇಲ್ಲಿ ತಪ್ಪಿದರೆ ಪಿಸ್ಟನ್ ಹೋಗುತ್ತದೆ

ಗಾಳಿಯ ತೂಕ ಅಳೆಯುವ ಎಂಎಎಫ್ ಸೆನ್ಸರ್ ನಿಮ್ಮ ಕಾರಿನಲ್ಲಿದ್ದರೆ ಅದು ಕೂರುವ ಕೊಳವೆಯ ಒಳವ್ಯಾಸ ಒಂದು ಕೂದಲೆಳೆಯೂ ಬದಲಾಗಕೂಡದು. ಸೆನ್ಸರ್ ನೋಡುವುದು ತನ್ನ ಮುಂದೆ ಹಾದ ಗಾಳಿಯನ್ನು ಮಾತ್ರ. ಒಟ್ಟು ಎಷ್ಟೆಂಬುದನ್ನು ಇಸಿಯು ಆ ವ್ಯಾಸದಿಂದ ಊಹಿಸುತ್ತದೆ. 70 ಮಿ.ಮೀ. ಇದ್ದದ್ದನ್ನು 76 ಮಾಡಿದರೆ ವಿಸ್ತೀರ್ಣ ಶೇ 18 ಹೆಚ್ಚುತ್ತದೆ, ಸೆನ್ಸರ್ ಶೇ 15ರಷ್ಟು ಗಾಳಿ ಕಡಿಮೆ ಇದೆ ಎಂದು ಹೇಳುತ್ತದೆ. ನಿಧಾನ ಓಡಿಸುವಾಗ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಇಸಿಯು ಪೆಟ್ರೋಲ್ ಸರಿದೂಗಿಸುತ್ತದೆ. ಪೂರ್ತಿ ಒತ್ತಿದಾಗ ಆ ತಿದ್ದುಪಡಿಯನ್ನು ನೆಚ್ಚುವಂತಿಲ್ಲ, ಪೆಟ್ರೋಲ್ ಸಾಲದೆ ನಾಕಿಂಗ್ ಶುರು.

ಹಳೆಯ ಸೆನ್ಸರ್ ಕೊಳವೆಯನ್ನೇ ಕತ್ತರಿಸಿ ಹೊಸ ಪೈಪಿಗೆ ಸೇರಿಸುವುದು ಸುರಕ್ಷಿತ. ಸೆನ್ಸರಿನಿಂದ ಫಿಲ್ಟರ್ ಕಡೆಗೆ ಕನಿಷ್ಠ 15 ಸೆಂ.ಮೀ., ಇಂಜಿನ್ ಕಡೆಗೆ 8 ಸೆಂ.ಮೀ. ನೇರ ಪೈಪು ಬೇಕು. ಬಾಗಿನ ಪಕ್ಕದಲ್ಲೇ ಇಟ್ಟರೆ ಸುಳಿಗಾಳಿಗೆ ಐಡಲ್ ಕುಣಿಯುತ್ತದೆ. ಬಾಣದ ಗುರುತು ಇಂಜಿನ್ ಕಡೆಗೇ ಇರಬೇಕು. ತಂತಿ ತೊಳೆಯಲು ಎಂಎಎಫ್ ಕ್ಲೀನರ್ ಸ್ಪ್ರೇ ಮಾತ್ರ, ಕಾರ್ಬ್ಯುರೇಟರ್ ಕ್ಲೀನರ್ ಮುಟ್ಟಿಸಬೇಡಿ.

ಜೋಡಿಸಿದ ಮೇಲೆ

ಇಂಜಿನ್ ಐಡಲ್‌ನಲ್ಲಿರುವಾಗ ಫ್ಯಾನ್ ತಿರುಗದ ಹೊತ್ತು ನೋಡಿ ಒಂದು ಊದುಬತ್ತಿ ಹಚ್ಚಿ ಪ್ರತಿ ಕೂಡಿಕೆಯ ಸುತ್ತ ನಿಧಾನವಾಗಿ ಆಡಿಸಿ. ನೆಟ್ಟಗೆ ಏಳುವ ಹೊಗೆ ಎಲ್ಲಿ ಬಾಗಿ ಒಳಗೆ ಎಳೆದುಕೊಳ್ಳುತ್ತದೋ ಅಲ್ಲಿ ಸೋರಿಕೆ. ಪೆಟ್ರೋಲ್ ಕೊಳವೆಗಳ ಹತ್ತಿರ ಮಾತ್ರ ಹೋಗಬೇಡಿ.

ಆಮೇಲೆ ಇಸಿಯು ಅಂಕಿಗಳನ್ನು ಮೊಬೈಲಿನಲ್ಲಿ ತೋರಿಸುವ ಒಬಿಡಿ ಬ್ಲೂಟೂತ್ ಅಡಾಪ್ಟರ್ ಹಾಕಿ 100 ಕಿ.ಮೀ. ಓಡಿಸಿ. ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ (ಇಸಿಯು ಪೆಟ್ರೋಲಿಗೆ ಮಾಡುತ್ತಿರುವ ತಿದ್ದುಪಡಿ) ಶೇ 5ರೊಳಗೆ ಇದ್ದರೆ ನಿಶ್ಚಿಂತೆ, 10 ದಾಟಿದರೆ ಬಿಚ್ಚಿ ನೋಡಿ, 20ರ ಮೇಲೆ ಹೋಗಿ ಗಾಳಿಗೆ ಪೆಟ್ರೋಲ್ ಸಾಲದು ಎನ್ನುವ ಪಿ 0171 ಕೋಡ್ ಬಂದರೆ ಸೆನ್ಸರ್ ದಾಟಿದ ಮೇಲೆ ಎಲ್ಲೋ ಅಳತೆಗೆ ಸಿಗದ ಗಾಳಿ ಸೇರುತ್ತಿರುವ ಸಾಧ್ಯತೆ ಹೆಚ್ಚು. ಇಂಟೇಕ್ ಗಾಳಿಯ ಉಷ್ಣತೆ 80 ಕಿ.ಮೀ. ಸ್ಥಿರ ವೇಗದಲ್ಲಿ ಹೊರಗಿನದಕ್ಕಿಂತ 8ರಿಂದ 10 ಡಿಗ್ರಿ ಮೀರಬಾರದು. ನೀರಿನ ಹಲಗೆ ಮತ್ತೆ ಹಚ್ಚಿ ಮೂರು ಅಳತೆ ತೆಗೆದು ಹಳೆಯದರ ಪಕ್ಕ ಬರೆಯಿರಿ. ಡೈನೊಗೆ ಹೋದರೆ ಬಾನೆಟ್ ಮುಚ್ಚಿಯೇ ಓಡಿಸಲು ಹೇಳಿ. ತೆರೆದು, ಎದುರಿಗೆ ದೊಡ್ಡ ಫ್ಯಾನ್ ಇಟ್ಟರೆ ಬಿಸಿಗಾಳಿ ಕುಡಿಯುವ ಇಂಟೇಕೂ ಚೆನ್ನಾಗಿಯೇ ಕಾಣುತ್ತದೆ.

ದೂಳಿನ ಪರೀಕ್ಷೆ ಎಲ್ಲಕ್ಕಿಂತ ಮುಖ್ಯ. ಎಂಎಎಫ್ ದಾಟಿದ ಪೈಪಿನ ಒಳಮೈಗೆ ಬೆರಳಗಲದ ಜಾಗದಲ್ಲಿ ಗ್ರೀಸನ್ನು ತೀರಾ ತೆಳ್ಳಗೆ, ಮೈ ಹೊಳೆಯುವಷ್ಟು ಮಾತ್ರ ಸವರಿ. 500 ಕಿ.ಮೀ. ಆದ ಮೇಲೆ ಬಿಳಿ ಬಟ್ಟೆಯಿಂದ ಒರೆಸಿ, ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ. ನುಣ್ಣಗಿದ್ದರೆ ಸರಿ. ಕರಕರ ಅಂದರೆ ದೂಳು ಪಿಸ್ಟನ್ ರಿಂಗಿನವರೆಗೂ ಹೋಗಿದೆ. ಕಾರಣ ಸಿಗುವ ತನಕ ಹಳೆಯ ಇಂಟೇಕ್ ವಾಪಸ್ ಹಾಕಿ ಓಡಿಸಿ. ಹೆಚ್ಚಿನ ಸಲ ತಪ್ಪು ಇರುವುದು ಫಿಲ್ಟರಿನ ಅಂಚು ಪೆಟ್ಟಿಗೆಯಲ್ಲಿ ಸರಿಯಾಗಿ ಕೂರದಿರುವುದರಲ್ಲಿ.

ಪೇಪರ್ ಫಿಲ್ಟರನ್ನು 5,000 ಕಿ.ಮೀ.ಗೊಮ್ಮೆ ತೆಗೆದು ನೋಡಿ, 10,000ಕ್ಕೆ ಬದಲಿಸಿ. ಕ್ರಷರ್ ರಸ್ತೆಯಲ್ಲೇ ದಿನವೂ ಓಡಾಟವಿದ್ದರೆ ಇನ್ನೂ ಬೇಗ. ಪಂಕ್ಚರ್ ಅಂಗಡಿಯ ಗಾಳಿ ಪೈಪಿನಿಂದ ಊದಿಸುವುದು ಬೇಡ, ಆ ಒತ್ತಡಕ್ಕೆ ಕಾಗದದಲ್ಲಿ ಕಣ್ಣಿಗೆ ಕಾಣದ ಹರುಕು ಬೀಳುತ್ತದೆ.

ಕಾನೂನಿನ ವಿಷಯ ಚುಟುಕಾಗಿ: ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಮಾರ್ಪಾಡನ್ನು ತಡೆಯುತ್ತದೆ. 2019ರ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಪ್ರಕಾರ ಅನುಮತಿ ಇಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ವಾರಂಟಿ ಮತ್ತು ವಿಮೆಗೂ ತೊಡಕಾಗಬಹುದು. ಚಿಕ್ಕಬಳ್ಳಾಪುರದ ಕೆಎ-40 ಆಗಲಿ, ಕೋಲಾರದ ಕೆಎ-07 ಆಗಲಿ, ತುಮಕೂರಿನ ಕೆಎ-06 ಆಗಲಿ, ಕೆಲಸಕ್ಕೆ ಕೈಹಾಕುವ ಮೊದಲು ಆರ್‌ಟಿಒ ಕಚೇರಿಯಲ್ಲೂ ವಿಮೆಯವರ ಬಳಿಯೂ ಕೇಳಿಕೊಳ್ಳಿ. ಬಿಚ್ಚಿದ ಕಂಪನಿ ಪೈಪು, ಸ್ನಾರ್ಕೆಲ್, ಕ್ಲಿಪ್ಪುಗಳನ್ನು ಗುಜರಿಗೆ ಹಾಕದೆ ಒಂದು ಗೋಣಿಚೀಲದಲ್ಲಿ ಕಟ್ಟಿ, ಇಲಿ ಸೇರದ ಕಡೆ ತೆಗೆದಿಡಿ.